ಅನ್ನಮ್ಮನವರ ಪಾಲಿಗೆ ಬಂದ ಹಾವು

ಸಿಸ್ಟರ್ ಅನ್ನಮ್ಮನವರಿಗೆ ಯಾವುದರ ಅಂಜಿಕೆ ಇಲ್ಲ ಎಂದು ಹುಡುಕಲು ಹೊರಟರೆ ಸಾಯಂಕಾಲದವರೆಗೂ ಹುಡುಕಬೇಕು. ಗ್ಯಾಸ್ ಸಿಲಿಂಡರಿಗೆ ಹೆದರುತ್ತಾರೆ, ಹಲ್ಲಿಗೆ ಹೆದರುತ್ತಾರೆ, ಗುಡುಗಿಗಂತೂ ಕೇಳಲೇಬೇಡಿ. ಔಷಧಿ ತರಲು ಹೈದರಾಬಾದಿನ ಕೋಠಿ ಪೇಟೆಗೆ ಹೋದರೆ, ಆಟೋಗಳ ಆ ನುಗ್ಗಾಟದಲ್ಲಿ ಯಾರಾದರೂ ಪುಣ್ಯಾತ್ಮರು ಕೈಹಿಡಿದು ದಾಟಿಸುವವರೆಗೆ ರಸ್ತೆಯ ಅಂಚಿನಲ್ಲಿ ಜಪಮಾಲೆ ಎಣಿಸುತ್ತ ನಿಂತೇ ಇರುತ್ತಾರೆ. ಇಂಥ ಹೆಂಗಸು ಹೆತ್ತವರನ್ನು ಬಿಟ್ಟು, ಊರು ಬಿಟ್ಟು ಕನ್ಯಾಮಠ ಸೇರುವ ಧೈರ್ಯ ಎಲ್ಲಿಂದ ತಂದರು ಅಂತೀರಾ? ಕೇಳಿದರೆ ಅವರೇ ನಗುತ್ತಾರೆ. "ಮನ್ಯಾಗ ಇರಾಕೂ ಅಂಜಿಕಿ ಇತ್ತಲ್ರಿ."

ಆದರೆ ಹಾವಿನ ಭಯವನ್ನು ಈ ಸಾಲಿಗೆ ಸೇರಿಸಬಾರದು. ಅದರ ಬಗ್ಗೆ ಅವರು ನಗುವುದಿಲ್ಲ. ಮುದಗಲ್ಲಿನ ಅವರ ಮನೆಯ ಹಿತ್ತಲಲ್ಲಿ ಕುಳ್ಳಿನ ಬಣವೆಯೊಂದಿತ್ತು. ಕತ್ತಲಾದ ಮೇಲೆ ಅದಕ್ಕೆ ಕೈ ಹಾಕಬೇಡಿರೆಂದು ಅವ್ವ ದಿನಾ ಬಯ್ಯುತ್ತಿದ್ದಳು. ಒಂದು ಸಂಜೆ ಅಕ್ಕ ಕೈ ಹಾಕಿದಳು, ಬೆರಳಿಗೆ ಏನೋ ಚುಚ್ಚಿತು. ಬೈಗುಳ ಯಾಕೆ ಬೇಕು ಎಂದು ಬೆರಳನ್ನು ದಾವಣಿಯಲ್ಲಿ ಒರೆಸಿಕೊಂಡು ಸುಮ್ಮನೆ ರೊಟ್ಟಿ ಬಡಿಯಲು ಕೂತಳು. ಬಡಿಯುತ್ತ ಬಡಿಯುತ್ತಲೇ ಅವಳ ರೆಪ್ಪೆಗಳು ಜೋತುಬಿದ್ದವು. ಅಕ್ಕನಿಗೆ ಒಲೆಯ ಮುಂದೆಯೇ ನಿದ್ದೆ ಬಂತು ಎಂದು ಎದುರಿಗೆ ಕೂತಿದ್ದ ಪುಟ್ಟ ಅನ್ನಮ್ಮ ಕಿಲಕಿಲ ನಕ್ಕಿದ್ದಳು. ಆ ರೆಪ್ಪೆಗಳು ಮತ್ತೆ ತೆರೆಯಲಿಲ್ಲ.

ಆಮೇಲೆ ಅನ್ನಮ್ಮ ರಾಯಚೂರಿನ ಮಠದ ಅಡುಗೆಮನೆಯಲ್ಲಿ, ಬಳ್ಳಾರಿಯ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಂದು, ಕೂದಲು ಬೆಳ್ಳಗಾದ ಮೇಲೆ ಹೈದರಾಬಾದಿಗೆ ಬಂದರು. ಬಾಲಾನಗರದ ವರ್ಕ್‌ಶಾಪುಗಳ ಹಿಂದಿನ ಗಲ್ಲಿಯಲ್ಲಿ ಅವರ ಮಠ. ಮಠ ಅಂದರೆ ದೊಡ್ಡ ಕಟ್ಟಡವೇನಲ್ಲ. ಮೂವರು ಸಿಸ್ಟರುಗಳ ಹಳೆಯ ಮನೆ, ಒಂದು ಪುಟ್ಟ ಪ್ರಾರ್ಥನಾಲಯ, ಮುಂದುಗಡೆ ಕೂಲಿಕಾರರ ಮಕ್ಕಳಿಗೆ ಬಾಲವಾಡಿ, ಹಿಂದುಗಡೆ ಹಿತ್ತಲು. ಗೋಡೆಯ ಆಚೆ ದಿನವಿಡೀ ಲೇತ್ ಯಂತ್ರಗಳ ಕಿರ್‍ರ್ ಸದ್ದು. ಹಿರಿಯಳು, ಅಂದರೆ ಸುಪೀರಿಯರ್, ಸಿಸ್ಟರ್ ಶೌರೀಲಮ್ಮ. ಗುಂಟೂರಿನ ತೆಲುಗು ಹೆಣ್ಣುಮಗಳು, ರಾಯಚೂರಿನಲ್ಲಿ ಬಹುಕಾಲವಿದ್ದು ಕನ್ನಡ ಕಲಿತವರು, ಮಾತು ಕಡಿಮೆ. ಕಿರಿಯಳು ಬೀದರ್ ಕಡೆಯ ಸಿಸ್ಟರ್ ಸ್ನೇಹಲತಾ. ಇದೇ ಊರಿನ ತಾರ್ನಾಕದ ಕಡೆ ಕಾಲೇಜಿನಲ್ಲಿ ಪರಿಸರದ ಪಾಠ ಓದಿ ಬಂದವಳು. ಅವಳು ಕಾಲಿಟ್ಟ ಮೇಲೆ ಮಠದಲ್ಲಿ ಶಾಂಪೂ ಪಾಕೀಟು ಮಾಯ, ಪ್ಲಾಸ್ಟಿಕ್ ಚೀಲ ಮಾಯ, ಪಾತ್ರೆ ತಿಕ್ಕುವ ಸೋಪೂ ಮಾಯ. ಅಂಟವಾಳಕಾಯಿ ನೆನೆಸಿ ಸಾಂಬಾರಿನ ಜಿಡ್ಡು ತೆಗೆದವರಿಗೇ ಗೊತ್ತು ಆ ಸುಖ! ಆದರೂ ಅನ್ನಮ್ಮ ಗೊಣಗುತ್ತಲೇ ತಿಕ್ಕಿದರು. ದೇವರು ಮಾಡಿದ ನೀರು, ದೇವರು ಮಾಡಿದ ಮಣ್ಣು, ಅದನ್ನು ಕೆಡಿಸಬಾರದು ಎಂಬ ಮಾತು ಅವರಿಗೂ ಹಿಡಿಸಿತ್ತು.

ಹಿತ್ತಲಿನ ತುದಿಯ ಮೂಲೆಯೊಂದನ್ನು ಮೂವರೂ ಕೂಡಿ ಮಾತಾಡಿ ಹಾಗೇ ಬಿಟ್ಟಿದ್ದರು. ಅಲ್ಲಿ ಕುಡುಗೋಲು ಆಡಿಸಬಾರದು, ಔಷಧಿ ಹೊಡೆಯಬಾರದು, ಏನು ಬೆಳೆದರೂ ಏನು ಬಂದು ಸೇರಿದರೂ ಅದು ದೇವರದು. ಅದಕ್ಕೆ ದೇವರ ಮೂಲೆ ಎಂದೇ ಹೆಸರು. ಲಂಟಾನದ ಮುಳ್ಳುಪೊದೆ ಬೆಳೆಯಿತು, ಬಳ್ಳಿ ಹಬ್ಬಿತು, ಪಕ್ಕದಲ್ಲೇ ಗೊಬ್ಬರದ ಗುಂಡಿ.

ಇನ್ನು ಅನ್ನಮ್ಮನವರ ಪಾಲಿಗೆ ಬಂದ ಒಂದು ಕಲ್ಲಿನ ವಿಷಯ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಮಠಗಳಲ್ಲಿ ಒಂದು ಪದ್ಧತಿಯಿದೆ. ಚೀಟಿ ಎತ್ತಿ, ಯಾರ ಹೆಸರು ಬಂತೋ ಆ ಸಿಸ್ಟರಿನ ಸೇವೆಯನ್ನು ಗುಟ್ಟಾಗಿ ಮಾಡಬೇಕು. ಅವಳ ಹಾಸಿಗೆ ಮಡಚಿಡುವುದು, ಅವಳಿಗಾಗಿ ಪ್ರಾರ್ಥಿಸುವುದು. ಹಬ್ಬದ ದಿನದವರೆಗೆ ಯಾರ ಹೆಸರು ಬಂತೆಂದು ಬಾಯಿ ಬಿಡುವಂತಿಲ್ಲ. ಸ್ನೇಹಲತಾ ಇದನ್ನೇ ಸೆಪ್ಟೆಂಬರಿಗೂ ತಂದಳು. ಸೆಪ್ಟೆಂಬರ್ ಮೊದಲ ದಿನದಿಂದ ಅಕ್ಟೋಬರ್ ನಾಲ್ಕರ ಸಂತ ಫ್ರಾನ್ಸಿಸರ ಹಬ್ಬದವರೆಗೆ ಚರ್ಚುಗಳಲ್ಲಿ ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲ ತಾನೇ? ಹಿತ್ತಲಿನ ಒಂದೊಂದು ಜೀವಿಯ ಚಿತ್ರವನ್ನು ಒಂದೊಂದು ಬೆಣಚುಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಳು. ಗುಬ್ಬಿ, ಅಳಿಲು, ಕಪ್ಪೆ, ಜೇನು, ಬೇವಿನ ಮರ. ಕಲ್ಲನ್ನೆಲ್ಲ ಅಕ್ಕಿ ತೊಳೆಯುವ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿದಳು.

ಅನ್ನಮ್ಮ ಕಣ್ಣುಮುಚ್ಚಿ ಕೈ ಹಾಕಿದರು. ಕೋಣೆಗೆ ಹೋಗಿ ಅಂಗೈ ಬಿಡಿಸಿ ನೋಡಿದರೆ, ಹೆಡೆ ಎತ್ತಿದ ಹಾವು!

ಕಲ್ಲನ್ನು ಹಾಸಿಗೆಯ ಮೇಲೆ ಎಸೆದು ದೂರ ನಿಂತರು, ಚಿತ್ರದ ಹಾವು ಹರಿದು ಬರುತ್ತದೇನೋ ಎಂಬಂತೆ. ಬದಲಿಸಿಕೊಳ್ಳೋಣ ಎಂದರೆ ಹೇಗೆ? ಬೈಬಲಿನಲ್ಲಿ ಅಪೊಸ್ತಲರೇ ಚೀಟಿ ಹಾಕಿ ಮತ್ತೀಯನನ್ನು ತಮ್ಮೊಳಗೊಬ್ಬನಾಗಿ ಆರಿಸಿದರು. ಚೀಟಿ ಎತ್ತುವ ಕೈ ನಮ್ಮದಾದರೂ ಕೊಡುವವನು ದೇವರು ಎಂದು ನಂಬಿದ ಜೀವ ಅದು. ದೇವರು ಬೇಕೆಂದೇ ತಮ್ಮ ಕೈಗೆ ಹಾವು ಕೊಟ್ಟಿದ್ದಾನೆ ಎಂದಾಯಿತು.

ಹಾವಿಗೆ ಏನು ಸೇವೆ ಮಾಡುವುದು? ದೂರದಿಂದ ಮಾಡುವಂಥದ್ದು ಒಂದೇ, ನೀರಿಡುವುದು. ದಿನಾ ಮಧ್ಯಾಹ್ನದ ಪಾತ್ರೆ ಮುಗಿದ ಮೇಲೆ ಅನ್ನಮ್ಮ ಒಂದು ಮಣ್ಣಿನ ಬಟ್ಟಲಲ್ಲಿ ನೀರು ತುಂಬಿಕೊಂಡು, ಸೀರೆ ಎತ್ತಿ ಹಿಡಿದು, "ನಮೋ ಮರಿಯಾ" ಹೇಳುತ್ತ ದೇವರ ಮೂಲೆಯ ಅಂಚಿಗೆ ಹೋಗಿ ಇಟ್ಟು, ಹಿಂದೆ ನೋಡದೆ ಓಡಿ ಬರುತ್ತಿದ್ದರು. ಹಾವು ಅಲ್ಲಿಲ್ಲ ಎಂಬ ಧೈರ್ಯದ ಮೇಲೆ ನಡೆದಿದ್ದ ಸೇವೆ ಅದು. ಕೆಲವೇ ದಿನಗಳಲ್ಲಿ ಬಟ್ಟಲಿನ ಸುತ್ತ ಕಪ್ಪೆಗಳು ಬಂದು ಕೂರತೊಡಗಿದವು. ಪಾಪ, ಕುಡಿಯಲಿ ಬಿಡು ಎಂದುಕೊಂಡರು.

ಆಮೇಲೆ ಒಂದು ಮಧ್ಯಾಹ್ನ ಬಟ್ಟಲಿಡಲು ಬಗ್ಗಿದಾಗ ಗೊಬ್ಬರದ ಗುಂಡಿಯ ಇಟ್ಟಿಗೆಯ ಸಂದಿಯಿಂದ ಅದು ಹೊರಬಂತು. ಗೋಧಿಬಣ್ಣ, ಮುಂಗೈಯಷ್ಟು ದಪ್ಪ. ಅವಸರವಿಲ್ಲದೆ ಬಂದು ಒಂದು ಕಪ್ಪೆಯನ್ನು ಹಿಡಿದು, ಅದು ಕಿರುಗುಟ್ಟುತ್ತಿದ್ದಂತೆಯೇ ನುಂಗುತ್ತ ಹಿಂದಕ್ಕೆ ಸರಿಯಿತು. ಅನ್ನಮ್ಮ ಅಡುಗೆಮನೆಗೆ ಹೇಗೆ ಬಂದರೋ ನೆನಪಿಲ್ಲ, ಬಾಗಿಲಿಗೆ ಚಿಲಕ ಹಾಕಿ ಅಕ್ಕಿ ಮೂಟೆಗೆ ಒರಗಿ ಕೂತುಬಿಟ್ಟರು.

ಆಗಲೇ ಹೇಳಬೇಕಿತ್ತು. ಬಾಲವಾಡಿಯ ತುಂಬ ಮಕ್ಕಳು, ಹಿತ್ತಲಿಗೆ ಗೇಟೂ ಇಲ್ಲ; ಬುದ್ಧಿ ಇದ್ದವರು ಯಾರಾದರೂ ಆಗಲೇ ಕೂಗುತ್ತಿದ್ದರು. ಅನ್ನಮ್ಮನವರಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಆದರೆ ಗುಟ್ಟು ಬಿಡಬಾರದೆಂಬುದು ಮೂವರೂ ಪ್ರಾರ್ಥನಾಲಯದಲ್ಲಿ ಒಪ್ಪಿಕೊಂಡ ಮಾತು. ಹೇಳಿದರೆ ಪಕ್ಕದ ವರ್ಕ್‌ಶಾಪಿನ ಗಂಡಸರು ಬಂದು ಅದನ್ನು ಹೊಡೆದುಹಾಕುತ್ತಾರೆ. ದೇವರು ಕೈಗೆ ಕೊಟ್ಟ ಜೀವವನ್ನು ತಾವೇ ಬಾಯಾರೆ ಕೊಲ್ಲಿಸಿದ ಹಾಗಾಗುತ್ತದೆ. ಇನ್ನೊಂದೂ ಇತ್ತು, ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಬಿಡುವ ಪೈಪನ್ನು ನೋಡಿ ಹಾವು ಹಾವು ಎಂದು ಅರಚಿ ಇಡೀ ಗಲ್ಲಿಯನ್ನೇ ಕೂಡಿಸಿದ್ದರು. ಆ ನಗೆ ಇನ್ನೂ ನಿಂತಿರಲಿಲ್ಲ. ಇಷ್ಟೂ ಸೇರಿ ಬಾಯಿಗೆ ಬೀಗ ಹಾಕಿತು. ಹಬ್ಬದವರೆಗೆ ತಾನೇ, ಅಷ್ಟರವರೆಗೆ ಕಾಪಾಡು ತಾಯಿ ಎಂದು ಮಾತೆ ಮರಿಯಳಿಗೆ ಒಪ್ಪಿಸಿದರು.

ಅಂದಿನಿಂದ ಆ ಮನೆಯಲ್ಲಿ ಅನ್ನಮ್ಮನವರ ಜೀವ ಮುಷ್ಟಿಯಲ್ಲಿ. ಬಾಲವಾಡಿಯ ಮಗುವೊಂದು ಕಿಟಾರನೆ ಕಿರುಚಿದರೆ ಕೈಲಿದ್ದ ಸೌಟು ಬೀಳುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು ಮಕ್ಕಳ ರೆಪ್ಪೆಗಳನ್ನೇ ನೋಡುತ್ತಿದ್ದರು, ಯಾವುದಾದರೂ ಜೋತುಬಿದ್ದಿದೆಯೇ ಎಂದು. ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಶೌರೀಲಮ್ಮ ಒಮ್ಮೆ ತಟ್ಟೆಯ ಕಡೆ ನೋಡಿದರು, ಮುಖದ ಕಡೆ ನೋಡಿದರು, ಏನೂ ಕೇಳಲಿಲ್ಲ. ತನ್ನ ಪಾಲಿನ ಜೀವಿಗಾಗಿ ಉಪವಾಸ ಹಿಡಿದಿರಬೇಕು, ಕೇಳಿದರೆ ಗುಟ್ಟು ಕೆಡುತ್ತದೆ ಎಂದು ಅವರೂ ಸುಮ್ಮನಾದರು.

ನೀರಿಡುವುದನ್ನಾದರೂ ನಿಲ್ಲಿಸಿದರೇ? ಇಲ್ಲ. ನಿಲ್ಲಿಸಿದರೆ ನೀರು ಹುಡುಕಿಕೊಂಡು ಅದು ಬಾಲವಾಡಿಯ ನಲ್ಲಿಯ ಕಡೆಗೇ ಬಂದರೆ ಎಂಬ ಹೊಸ ಹೆದರಿಕೆ. ಅವಸರದಲ್ಲಿ ಅರ್ಧ ನೀರು ದಾರಿಯಲ್ಲೇ ಚೆಲ್ಲುತ್ತಿತ್ತು.

ಹಾಗೆ ಹೋಗುವಾಗ ಒಂದು ದಿನ ಸೀರೆಯನ್ನು ಯಾರೋ ಜಗ್ಗಿದಂತಾಯಿತು. ತಿರುಗಿ ನೋಡಿದರೆ ಮಾನ್ಯಾ. ಬಾಲವಾಡಿಯ ಆಯಾ ಗಿರಿಜಾಬಾಯಿಯ ಮೊಮ್ಮಗಳು, ಇನ್ನೂ ಬಟನ್ ಹಾಕಿಕೊಳ್ಳಲು ಬಾರದ ಚೋಟುದ್ದದ ಹುಡುಗಿ.

"ಯಾರಿಗ್ರಿ ನೀರು?"

ಅನ್ನಮ್ಮ ಗಾಬರಿಯಲ್ಲಿ ತುಟಿಯ ಮೇಲೆ ಬೆರಳಿಟ್ಟರು. "ಶ್! ಇದು ನಂದೂ ದೇವರದೂ ಗುಟ್ಟು. ಯಾರಿಗೂ ಹೇಳಬ್ಯಾಡ. ನಿಮ್ಮಜ್ಜಿಗೂ ಹೇಳಬ್ಯಾಡ. ಈ ಕಡೆ ಬರಲೂಬ್ಯಾಡ, ಹೂಂ?"

ಮಾನ್ಯಾ ಕಣ್ಣರಳಿಸಿ ತಾನೂ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಚಿಕ್ಕ ಮಗುವಿಗೆ ಮೂರು ಮಾತು ಹೇಳಿದರೆ ಅದು ತನಗೆ ಹಿಡಿಸಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ. ಗುಟ್ಟನ್ನು ಇಟ್ಟುಕೊಂಡಳು, ಬರಬೇಡವೆಂದದ್ದನ್ನು ಬಿಟ್ಟಳು.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಮಳೆ ಸುರಿದು ಮಧ್ಯಾಹ್ನಕ್ಕೆ ಚುರುಚುರು ಬಿಸಿಲು ಬಂತು. ಬಾಲವಾಡಿಯಲ್ಲಿ ಅಂದು ಮೊಟ್ಟೆಯ ದಿನ. ತಟ್ಟೆ ಎತ್ತುವ ಹೊತ್ತಿಗೆ ಗಿರಿಜಾಬಾಯಿಯ ಕೂಗು ಕೇಳಿಸಿತು.

"ಯವ್ವಾ, ಮಾನ್ಯಾ ಎಲ್ಲಿ? ಈಗರ ಇಲ್ಲೇ ಇದ್ಲಲ್ಲ! ಸಿಸ್ಟರ್, ಗೇಟ್ ತೆರದದ ನೋಡ್ರಿ!"

ಮುಂದಿನ ಗೇಟು ತೆರೆದಿತ್ತು. ಆಚೆ ಲಾರಿ ತಿರುಗುವ ರಸ್ತೆ. ಸ್ನೇಹಲತಾ ಬರಿಗಾಲಲ್ಲೇ ರಸ್ತೆಗೆ ಓಡಿದಳು, ಶೌರೀಲಮ್ಮ ನೀರಿನ ಸಂಪಿನ ಮುಚ್ಚಳ ನೋಡಲು ಓಡಿದರು. ಗಿರಿಜಾಬಾಯಿ ಎದೆ ಎದೆ ಬಡಿದುಕೊಳ್ಳುತ್ತ ಗೋಡೆಯಾಚೆಯ ವರ್ಕ್‌ಶಾಪಿನಲ್ಲಿದ್ದ ಗಂಡ ಬಂಡೆಪ್ಪನನ್ನು ಕರೆಯತೊಡಗಿದಳು.

ಅನ್ನಮ್ಮನವರಿಗೆ ಮಾತ್ರ ಗೊತ್ತಿತ್ತು. ಕೂಗಿದ ಕ್ಷಣದಲ್ಲೇ ಗೊತ್ತಾಗಿತ್ತು. ಆದರೂ ಎಲ್ಲರೂ ರಸ್ತೆಯ ಕಡೆ ಓಡುವುದನ್ನು ನೋಡುತ್ತ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದರು. ಹಿತ್ತಲಿಗೆ ಬನ್ನಿ ಎನ್ನಲು ನಾಲಿಗೆ ಹೊರಳಲಿಲ್ಲ. ಕೊನೆಗೆ ಗೋಡೆ ಹಿಡಿದುಕೊಂಡು ಒಬ್ಬರೇ ಹಿಂದಕ್ಕೆ ಹೋದರು.

ಮಾನ್ಯಾ ಬಟ್ಟಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಂಗೈಯಲ್ಲಿ ಸುಲಿದ ಮೊಟ್ಟೆ. ಬಟ್ಟಲಿನ ಆಚೆ, ಆ ಪುಟ್ಟ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಾವು ಹೆಡೆ ಎತ್ತಿ ನಿಂತಿತ್ತು. ಹುಡುಗಿ ಅದಕ್ಕೆ ಮೊಟ್ಟೆ ಕೊಡುವವಳಂತೆ ಮೆಲ್ಲಗೆ ಕೈ ಮುಂದೆ ಮಾಡುತ್ತಿದ್ದಳು.

ಅನ್ನಮ್ಮ ನಮೋ ಮರಿಯಾ ಎಂದರು, ಮುಂದಿನ ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಹೇಳಿದ ಪ್ರಾರ್ಥನೆ ಮರೆತೇಹೋಯಿತು. ಕಣ್ಣಿಗೆ ಕಂಡದ್ದು ಒಲೆಯ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಮುಖ. ಅಷ್ಟೇ. ಸೊಂಟಕ್ಕೆ ಕಟ್ಟಿದ್ದ ಒದ್ದೆ ಏಪ್ರನ್ನನ್ನು ಕಿತ್ತು ಹಾವಿನ ಮೇಲೆ ಬೀಸಿ ಒಗೆದರು. ಬಟ್ಟೆಯ ಒಳಗಿನಿಂದ ಅದು ಟಪ್ಪನೆ ಹೊಡೆದದ್ದು ಕೇಳಿಸಿತು. ಅಷ್ಟರಲ್ಲಿ ಹುಡುಗಿಯ ರಟ್ಟೆ ಸಿಕ್ಕಿತು. ಲಂಟಾನದ ಮುಳ್ಳಿನ ಮೇಲೆಯೇ ದರದರ ಎಳೆದುಕೊಂಡು ಅಂಗಳಕ್ಕೆ ಬಂದು ಬಿದ್ದರು. ಆಗ ಹೊರಟಿತು ಧ್ವನಿ. ಇಡೀ ಬಾಲಾನಗರಕ್ಕೆ ಕೇಳಿಸುವಂತೆ ಅರಚಿದರು.

"ಹಾವು! ಹಾವೈತಿ! ಬರ್‍ರಿ!"

ಎಲ್ಲರೂ ಓಡಿ ಬಂದರು. ಬಂಡೆಪ್ಪ ಕಬ್ಬಿಣದ ರಾಡು ಹಿಡಿದೇ ಬಂದಿದ್ದ. ಶೌರೀಲಮ್ಮ ಅವನ ಮುಂದೆ ಅಡ್ಡ ನಿಂತರು.

"ವದ್ದು ಬಂಡೆಪ್ಪ, ಹೊಡಿಬ್ಯಾಡ. ಮೊದಲು ಮಗುನ್ನ ನೋಡು. ಹಾವು ಹಿಡಿಯೋರಿಗೆ ಫೋನ್ ಮಾಡ್ತೀನಿ."

ಅಜ್ಜಿ ಹುಡುಗಿಯ ಕೈ, ಕಾಲು, ಬೆನ್ನು ಎಲ್ಲ ತಡಕಾಡಿದಳು. ಆಟೋದಲ್ಲಿ ದವಾಖಾನೆಗೂ ಒಯ್ದರು. ಡಾಕ್ಟರು ಸಂಜೆಯವರೆಗೆ ಕೂರಿಸಿಕೊಂಡು, ಹಾವು ಮುಟ್ಟಿಲ್ಲ, ತರಚಿದ ಗಾಯಗಳಷ್ಟೇ ಎಂದು ಕಳಿಸಿದರು. ಅಷ್ಟರಲ್ಲಿ ಹಾವು ಹಿಡಿಯುವ ಪವನ ಎಂಬ ಯುವಕ ಬಂದು, ಇಟ್ಟಿಗೆಯ ಸಂದಿಯಿಂದ ಅದನ್ನು ಹೊರತೆಗೆದು ಚೀಲಕ್ಕೆ ಸೇರಿಸಿದ್ದ. ಹೋಗುವ ಮುಂಚೆ ಅವನು ಬಟ್ಟಲಿನ ಕಡೆ ಕೈ ಮಾಡಿ ಹಿಂದಿಯಲ್ಲಿ ಕೇಳಿದ: ಇಲ್ಲಿ ನೀರಿಟ್ಟವರು ಯಾರು? ನೀರಿಗೆ ಕಪ್ಪೆ ಬಂದಿವೆ, ಕಪ್ಪೆಗೆ ಇದು ಬಂದಿದೆ. ಎಷ್ಟು ದಿನದಿಂದ ಇದೆ?

"ನಾವು ನೋಡೇ ಇಲ್ಲ," ಎಂದಳು ಸ್ನೇಹಲತಾ. ಅನ್ನಮ್ಮ ಅಲ್ಲೇ ನಿಂತಿದ್ದರು. ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದ ಹಾವಿನ ಕಲ್ಲು ಕೈಗೆ ಸಿಗುತ್ತಿತ್ತು.

ದವಾಖಾನೆಯಿಂದ ನೇರ ಮಠಕ್ಕೇ ಬಂದಳು ಗಿರಿಜಾಬಾಯಿ. ಮೊಮ್ಮಗಳನ್ನು ಬಂಡೆಪ್ಪನ ಕೈಗೆ ಕೊಟ್ಟು, ಎಲ್ಲರ ಎದುರಿಗೆ ಅನ್ನಮ್ಮನವರ ಪಾದ ಹಿಡಿದುಕೊಂಡಳು.

"ನೀವು ದೇವರ್‍ರಿ ಸಿಸ್ಟರ್. ನೀವಿಲ್ಲಂದ್ರ ನನ್ನ ಕೂಸು ಇವತ್ತ ಉಳೀತಿರಲಿಲ್ಲ."

ಆ ಬೆಚ್ಚನೆಯ ಕೈಗಳು ಪಾದದ ಮೇಲಿದ್ದಾಗ ಅನ್ನಮ್ಮನವರಿಗೆ ಹೆಡೆಯ ಮುಂದೆ ನಿಂತಾಗಿನ ಭಯವೇ ವಾಸಿ ಎನಿಸಿತು. ತಾತನ ಹೆಗಲ ಮೇಲಿನಿಂದ ಮಾನ್ಯಾ ಬಗ್ಗಿ, ದೊಡ್ಡ ಕೆಲಸ ಮಾಡಿ ಬಂದವಳ ಹಾಗೆ ಹೇಳಿದಳು:

"ಸಿಸ್ಟರ್, ನಾ ಯಾರಿಗೂ ಹೇಳಿಲ್ರಿ!"

ಗಿರಿಜಾಬಾಯಿ ತಲೆ ಎತ್ತಿದಳು. "ಏನ್ ಹೇಳಿಲ್ಲವ್ವಾ?"

ಮಾನ್ಯಾ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಅನ್ನಮ್ಮ ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ಅಂಗೈ ಮೇಲಿಟ್ಟು ತೋರಿಸಿದರು. ಆಮೇಲೆ ಎಲ್ಲವನ್ನೂ ಹೇಳಿದರು, ನೀರು, ಕಪ್ಪೆ, ಹಾವನ್ನು ಮೊದಲೇ ಕಂಡದ್ದು, ಮಗುವಿನ ಬಾಯಿ ಮುಚ್ಚಿಸಿದ್ದು. ಹೇಳುತ್ತ ಹೇಳುತ್ತಲೇ ಪಾದದ ಮೇಲಿನ ಕೈಗಳು ಹಿಂದೆ ಸರಿದವು. ಸ್ನೇಹಲತಾ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆ ಕಲ್ಲಿಗೆ ಬಣ್ಣ ಹಾಕಿದ್ದು ಅವಳ ಕೈ ತಾನೇ. ಶೌರೀಲಮ್ಮ, "ನಾನೂ ನೋಡಿದ್ದೆ, ನೀನು ಉಣ್ಣೋದು ಬಿಟ್ಟಿದ್ದು. ನಾನಾದರೂ ಕೇಳಬೇಕಿತ್ತು," ಎಂದರು.

ಗಿರಿಜಾಬಾಯಿ ಬಯ್ಯಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಹೊರಟುಹೋದಳು.

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅನ್ನಮ್ಮ ಬಾಲವಾಡಿಯ ಗೇಟಿನ ಹತ್ತಿರ ಹೋಗುವುದು, ಗಲ್ಲಿಯ ತಿರುವು ನೋಡುವುದು, ಮತ್ತೆ ಒಳಗೆ ಬರುವುದು. ಅನ್ನ ಸೀದುಹೋದರೂ ಗೊತ್ತಾಗುತ್ತಿರಲಿಲ್ಲ. ಹಬ್ಬದ ದಿನ ಕಲ್ಲು ತೋರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅಂದು ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದರೆ ಗಿರಿಜಾಬಾಯಿ ಅಂಗಳದಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಮಾನ್ಯಾ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಒಂದು ಕಾಲನ್ನು ನೆಲಕ್ಕೆ ಊರದೆ.

"ನಿನ್ನಿ ಮುಂಜಾನಿಂದ ಕುಂಟಾಕತ್ತಾಳ್ರಿ. ರಾತ್ರಿ ಮೈ ಕಾದೈತಿ. ಏನಾಗೇತಿ ಅಂತ ಕೇಳಿದ್ರ ಬಾಯಿ ಬಿಡವಲ್ಲಳು, ಕಾಲು ಮುಟ್ಟಾಕ ಬಿಡವಲ್ಲಳು. ಯಾರಿಗೂ ಹೇಳಬಾರದು ಅಂತಾಳ. ನೀವ ಆಕಿ ಬಾಯಿ ಮುಚ್ಚಿಸಿದ್ರಿ, ಸಿಸ್ಟರ್. ನೀವ ತೆಗಸ್ರಿ."

ಬೈಗುಳಕ್ಕೆ ಹೆದರಿ ಬೆರಳು ಮುಚ್ಚಿಟ್ಟ ಅಕ್ಕ ಮತ್ತೆ ಅಂಗಳಕ್ಕೆ ಬಂದು ನಿಂತಂತಾಯಿತು. ಅನ್ನಮ್ಮ ನೆಲಕ್ಕೆ ಮಂಡಿಯೂರಿದರು. ಹುಡುಗಿಯ ರೆಪ್ಪೆಗಳನ್ನು ನೋಡಿದರು, ಸರಿಯಾಗಿ ತೆರೆದಿದ್ದವು.

"ಮಾನ್ಯಾ, ಅವತ್ತ ನಾ ಹೇಳಿದ್ದು ತಪ್ಪವ್ವಾ. ಹಂಗ ಹೇಳಬಾರದಿತ್ತು. ಏನಾದ್ರೂ ಆತಂದ್ರ ಅಜ್ಜಿಗಿ ಹೇಳಬೇಕು. ಯಾರು ಬ್ಯಾಡ ಅಂದ್ರೂ ಹೇಳಬೇಕು. ನಾ ಬ್ಯಾಡ ಅಂದ್ರೂ ಹೇಳಬೇಕು."

ಮಾನ್ಯಾ ಬೆರಳನ್ನು ತುಟಿಯಿಂದ ಅರ್ಧ ತೆಗೆದಳು.

"ದೇವ್ರು ಬ್ಯಾಡ ಅಂದ್ರೂ?"

ಪ್ರಾರ್ಥನಾಲಯದ ಬಾಗಿಲಲ್ಲಿ ಶೌರೀಲಮ್ಮ ನಿಂತಿದ್ದರು, ಅವರ ಹಿಂದೆ ಸ್ನೇಹಲತಾ. ಅನ್ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಜೀವನಪೂರ್ತಿ ದೇವರ ಮಾತಿಗೆ ಹೂಂ ಎಂದವರು. ಹಾವಿನ ಮುಂದೆಯೂ ಅಷ್ಟು ಹೆದರಿರಲಿಲ್ಲ.

"ಹೂಂ," ಎಂದರು. "ದೇವರು ಬ್ಯಾಡ ಅಂದ್ರೂ ಹೇಳಬೇಕು."

ಮಾನ್ಯಾ ತುಟಿಯ ಮೇಲಿನ ಬೆರಳನ್ನು ಪೂರ್ತಿ ತೆಗೆದಳು. ಆಮೇಲೆ ಅನ್ನಮ್ಮನವರ ಹೆಗಲು ಹಿಡಿದುಕೊಂಡು, ಬಾತಿದ್ದ ಪಾದವನ್ನು ಎತ್ತಿ ಅವರ ತೊಡೆಯ ಮೇಲಿಟ್ಟಳು.

"ಇಲ್ಲಿ ಮುಳ್ಳೈತ್ರಿ," ಎಂದಳು. "ಭಾಳ ನೋಯಾಕತ್ತೈತಿ."